ಒಂದು ಜಪಸರದ ದೂರ

ನಮ್ಮಜ್ಜಿ ದೂರವನ್ನು ಅಳೆಯುತ್ತಿದ್ದದ್ದು ಜಪಸರದಲ್ಲಿ. ಕನಕಪುರದ ಕಡೆಯ ಹಳ್ಳಿಯ ಹೆಣ್ಣುಮಗಳು. ಮೈಲಿ, ಕಿಲೋಮೀಟರು ಎಂದರೆ ಆಕೆಗೆ ಬಸ್ ಕಂಡಕ್ಟರರ ಭಾಷೆ. ತೋಟಕ್ಕೆ ಹತ್ತು ಮಣಿ, ಕೆರೆ ಏರಿಗೆ ಇಪ್ಪತ್ತು ಮಣಿ, ಸಂತೆಗೆ ಎರಡು ಜಪಸರ, ತವರಿಗೆ ಐದು. ದಾರಿ ಕೇಳಿದವರಿಗೂ ಹಾಗೇ ಹೇಳಿಬಿಡುವಳು. ಕೇಳಿದವರು ನಮ್ಮವರಲ್ಲದಿದ್ದರೆ ಕಕ್ಕಾಬಿಕ್ಕಿ. ಒಂದು ಸರ ಎಂದರೆ 53 ನಮೋ ಮರಿಯ, ಪ್ರತಿ ಹತ್ತಕ್ಕೊಮ್ಮೆ ಪರಲೋಕದ ತಂದೆಯ ಜಪ. ಅಜ್ಜಿಯ ಬಾಯಿ ಓಡುವ ವೇಗದಲ್ಲೇ ಕಾಲೂ ಓಡುತ್ತಿದ್ದುದರಿಂದ ಅಳತೆಯಲ್ಲಿ ಮೋಸವಿರಲಿಲ್ಲ. ನನ್ನ ಮೊಬೈಲು ಹೇಳುವ ಪ್ರಕಾರ ನನ್ನ ಒಂದು ಜಪಸರ ಹೆಚ್ಚೂಕಮ್ಮಿ ಒಂದೂವರೆ ಕಿಲೋಮೀಟರು. ಅಜ್ಜಿಯದು ಎರಡು ಇದ್ದೀತು.

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಹಬ್ಬಕ್ಕೆ ಅವಳು ಶಿವಾಜಿನಗರಕ್ಕೆ ಬರುತ್ತಿದ್ದಳು. ಕಲಾಸಿಪಾಳ್ಯದಲ್ಲಿ ಬಸ್ಸಿಳಿದ ಮೇಲೆ ಇನ್ನೊಂದು ಬಸ್ಸು ಹತ್ತಲು ಒಪ್ಪುತ್ತಿರಲಿಲ್ಲ. 'ಅಮ್ಮನ ಮನೆಗೆ ಚೀಟಿ ತಗೊಂಡು ಹೋಗ್ತಾರೇನವ್ವ?' ಜೆ.ಸಿ. ರಸ್ತೆ, ಟೌನ್‌ಹಾಲು ದಾಟಿ ಹಡ್ಸನ್ ಸರ್ಕಲ್ಲಿಗೆ ಬಂದರೆ ಅಲ್ಲೊಂದು ಕಲ್ಲಿನ ಚರ್ಚು, 1904ರದ್ದು. ಅಜ್ಜಿ ನಿಂತು ಶಿಲುಬೆ ಗುರುತು ಹಾಕಿಕೊಳ್ಳುವಳು. 'ಅಜ್ಜೀ, ಅದು ನಮ್ದಲ್ಲ, ಸಿ.ಎಸ್.ಐ.ನವರದು' ಎಂದು ನಾನು ಶಾಲೆಯಲ್ಲಿ ಕಲಿತ ಜಾಣತನ ತೋರಿಸಿದರೆ, 'ಮೇಲಿರೋ ಶಿಲುಬೆ ಯಾರ್ದು?' ಅನ್ನುವಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಿಂದ ನಿಂತಿರುವ ಅಮೃತಶಿಲೆಯ ವಿಕ್ಟೋರಿಯಾ ರಾಣಿಗೂ ಅವಳು ಕೈಮುಗಿದು ಒಂದು ನಮೋ ಮರಿಯ ಹೇಳಿದ್ದನ್ನು ಮಾತ್ರ ಯಾವ ಧರ್ಮಶಾಸ್ತ್ರವೂ ಸಮರ್ಥಿಸಲಾರದು. ಬಿಳಿ ಬಟ್ಟೆ, ತಲೆ ಮೇಲೆ ಕಿರೀಟ, ಮುಖದಲ್ಲಿ ತಾಯ್ತನದ ದಪ್ಪ; ಅಜ್ಜಿಯ ತಪ್ಪೇನೂ ಇಲ್ಲ. ನಾನು ಹೇಳಲೂ ಇಲ್ಲ. ಹೇಳಿದ್ದರೆ ಆ ಒಂದು ಮಣಿ ವಾಪಸ್ಸು ತೆಗೆದುಕೊಂಡು ಮತ್ತೆ ಕಲಾಸಿಪಾಳ್ಯದಿಂದ ಶುರುಮಾಡುವವಳು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿ ನಿವೃತ್ತಳಾದ ಮೇಲೆ ಎಣಿಸಲು ಏನೂ ಇಲ್ಲದ ನನ್ನ ಬೆರಳುಗಳಿಗೆ ಅಜ್ಜಿಯ ಮಣಿಸರ ನೆನಪಾಯಿತು. ದಿನಾ ಬೆಳಿಗ್ಗೆ ಮನೆಯಿಂದ ಶಿವಾಜಿನಗರದ ಗುಡಿಗೆ ನಡೆಯುವುದು, ದಾರಿಯಲ್ಲಿ ಜಪ ಮುಗಿಸುವುದು, ಆರೂಮುಕ್ಕಾಲಿಗೆಲ್ಲ ಮರಿಯಮ್ಮನ ಮುಂದೆ ಹಾಜರಾಗುವುದು. ಯೋಜನೆ ಚೆನ್ನಾಗಿಯೇ ಇತ್ತು. ಎರಡು ಜಪಸರದ ದಾರಿ. ಹಳ್ಳಿಯ ಏರಿಯ ಮೇಲೆ ಅಜ್ಜಿ ಹೋಗುತ್ತಿದ್ದಂತೆ ಕಣ್ಣು ಅರೆಮುಚ್ಚಿ, ಸೆರಗು ತಲೆಗೆ ಹೊದ್ದು, ತುಟಿ ಮಾತ್ರ ಅಲುಗಿಸುತ್ತಾ ಹೋಗುವ ಒಂದು ಚಿತ್ರ ನನ್ನ ಮನಸ್ಸಿನಲ್ಲಿತ್ತು.

ಬೆಂಗಳೂರಿನ ಫುಟ್‌ಪಾತಿನ ಮೇಲೆ ಕಣ್ಣು ಅರೆಮುಚ್ಚುವ ಸವಲತ್ತು ಸಂತರಿಗೂ ಇಲ್ಲ. ಮೊದಲ ಹತ್ತು ಮಣಿ ಮುಗಿಯುವುದರೊಳಗೆ ಒಂದು ಟ್ರಾನ್ಸ್‌ಫಾರ್ಮರು; ಇಳಿದು ಹತ್ತಬೇಕು. ನಿಲ್ಲಿಸಿದ ಸ್ಕೂಟರುಗಳು, ಬಳಸಬೇಕು. ಕಾಲಿಟ್ಟರೆ 'ಡಬ್' ಎನ್ನುವ ಚಪ್ಪಡಿ ಯಾವುದು, ಕಾಲಿಟ್ಟರೆ ಕೆಸರು ಹಾರಿಸುವ ಚಪ್ಪಡಿ ಯಾವುದು, ಕಾಲಿಡಲು ಚಪ್ಪಡಿಯೇ ಇಲ್ಲದ ಜಾಗ ಯಾವುದು ಎಂದು ನೋಡಿಕೊಂಡು ಹೋಗಬೇಕು. ಕೇಬಲ್ಲಿನ ಸುರುಳಿಗಳು ನೆಲದಿಂದೆದ್ದು ಪಾದವನ್ನು ಹುಡುಕುತ್ತಿರುತ್ತವೆ. ಹಿಂದಿನಿಂದ ಫುಟ್‌ಪಾತಿನ ಮೇಲೇ ಬಂದ ಬೈಕಿನವನು ಹಾರ್ನ್ ಹೊಡೆದಾಗ ದೇವಮಾತೆಯ ಹೆಸರಿನ ನಡುವೆ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಅಷ್ಟರಲ್ಲಿ ಎಷ್ಟನೇ ಮಣಿ? ಏಳೋ, ಎಂಟೋ? ಮೂವತ್ತು ವರ್ಷ ಒಂದು ನೋಟು ಹೆಚ್ಚುಕಮ್ಮಿ ಮಾಡದವಳಿಗೆ ಇದು ಅವಮಾನ.

ಪಾಪನಿವೇದನೆಯಲ್ಲಿ ಹೇಳಿಕೊಂಡೆ: 'ಫಾದರ್, ಜಪ ಮಾಡುವಾಗ ಮನಸ್ಸು ಚೆದುರುತ್ತೆ.' ಅವರು ಪ್ರಾಯಶ್ಚಿತ್ತಕ್ಕೆ ಇನ್ನೊಂದು ಜಪಸರ ಕೊಟ್ಟರು. ಅದನ್ನೂ ಮನೆಗೆ ಹೋಗುವ ದಾರಿಯಲ್ಲೇ ಹೇಳಿದೆ. ಅದೂ ಚೆದುರಿತು.

ಚೆದುರಿ ಎಲ್ಲಿಗೆ ಹೋಗುತ್ತದೆ ಎಂದು ನೋಡತೊಡಗಿದ್ದು ಆಮೇಲೆ. ಹೆಚ್ಚು ದೂರವೇನೂ ಹೋಗುತ್ತಿರಲಿಲ್ಲ. ಮೊದಲ ಹತ್ತು ಮಣಿ ಮುಗಿಯುವಲ್ಲಿ ಹಾಲಿನ ಬೂತು. ಎರಡನೆಯದಕ್ಕೆ ಪೌರಕಾರ್ಮಿಕ ಹೆಂಗಸರು ಪೊರಕೆ ಒರಗಿಸಿ ಟೀ ಕುಡಿಯುವ ಜಾಗ. ಮೂರನೆಯದಕ್ಕೆ ಇಸ್ತ್ರಿ ಗಾಡಿ. ಮಂಗಳವಾರ, ಶುಕ್ರವಾರ ನಾವು ಧ್ಯಾನಿಸುವುದು ದುಃಖದ ರಹಸ್ಯಗಳನ್ನು. ಮೂರನೆಯದು ಮುಳ್ಳಿನ ಕಿರೀಟ. ಹಾಗಾಗಿ ವಾರಕ್ಕೆರಡು ದಿನ ಯೇಸುಸ್ವಾಮಿಯ ಮುಳ್ಳಿನ ಕಿರೀಟ ನನ್ನ ಪಾಲಿಗೆ ಆ ಇಸ್ತ್ರಿಯವರ ಬಿಳಿ ಟೋಪಿಯ ಪಕ್ಕದಲ್ಲೇ ಬರುತ್ತಿತ್ತು. ಒಂದು ದಿನ ಗಾಡಿ ಇರಲಿಲ್ಲ. ಮಾರನೇ ದಿನವೂ ಇಲ್ಲ. ಮೂರನೇ ಹತ್ತರಲ್ಲಿ ಬೆರಳು ಮುಂದಕ್ಕೆ ಹೋಗಲೇ ಇಲ್ಲ, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತೆ ಅಲ್ಲೇ ಹೋಗಿ ನಿಲ್ಲುತ್ತಿತ್ತು. ಪಕ್ಕದ ಅಂಗಡಿಯವರನ್ನು ಕೇಳಿದರೆ, ಆಸ್ಪತ್ರೆಗೆ ಸೇರಿದ್ದಾರೆ ಎಂದರು. ಆ ಹತ್ತು ಮಣಿಯನ್ನು ಅವರಿಗೇ ಕೊಟ್ಟೆ. ಹೆಸರು ಗೊತ್ತಿರಲಿಲ್ಲ, ಮರಿಯಮ್ಮನಿಗೆ 'ಇಸ್ತ್ರಿಯವರು' ಎಂದಷ್ಟೇ ಹೇಳಿದೆ. ಅವಳಿಗೆ ಗೊತ್ತಾಗದೆ ಇರುತ್ತದೆಯೇ, ಅವಳೂ ಅದೇ ಪೇಟೆಯವಳು.

ಪೇಟೆಯವಳು ಎಂದದ್ದು ಸುಮ್ಮನೆ ಅಲ್ಲ. ರಸೆಲ್ ಮಾರ್ಕೆಟ್ಟಿನ ಗದ್ದಲಕ್ಕೆ ಅಂಟಿಕೊಂಡಂತಿರುವ ಆ ಗುಡಿ 1882ರದ್ದು. 1973ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಪದವಿ ಬಂತು. ಪದವಿ ಬಂದಿತೆಂದು ಆಕೆ ಸೀರೆ ಉಡುವುದನ್ನು ಬಿಡಲಿಲ್ಲ. ಭಕ್ತರು ತಂದ ಸೀರೆಯನ್ನು ಉಟ್ಟು, ಮಲ್ಲಿಗೆ ಹಾಕಿಕೊಂಡು, ತಮಿಳು, ಕನ್ನಡ, ಇಂಗ್ಲಿಷು ಮೂರರಲ್ಲೂ ದೂರು ಕೇಳಿಸಿಕೊಳ್ಳುತ್ತಾಳೆ. ಬುರ್ಖಾ ತೊಟ್ಟ ಹೆಂಗಸರು ಮೇಣದಬತ್ತಿ ಹಚ್ಚಿ ಹೋಗುತ್ತಾರೆ. ನವದಿನಗಳ ಪ್ರಾರ್ಥನೆಗೆ ಆಗಸ್ಟ್ 29ಕ್ಕೆ ಬಾವುಟ ಏರಿತೆಂದರೆ ಕಾವಿ ಉಟ್ಟವರು ಬರಿಗಾಲಲ್ಲಿ ಬರತೊಡಗುತ್ತಾರೆ. ಇನ್ನೂ ಗಟ್ಟಿ ಕಾಲಿನವರು ಇಲ್ಲಿಂದ ವೇಳಾಂಗಣ್ಣಿಗೇ ನಡೆದುಬಿಡುತ್ತಾರೆ. ಆ ಸಾಹಸಕ್ಕೆ ನನ್ನ ದೂರದ ನಮಸ್ಕಾರ. ನನ್ನದು ಏನಿದ್ದರೂ ಮನೆಗೆ ಬಂದು ತಿಂಡಿ ತಿನ್ನುವ ಯಾತ್ರೆ.

ಶುಭಸಂದೇಶವನ್ನು ಕಾಲಿನ ಕಡೆಯಿಂದ ಓದಿ ನೋಡಿ. ಅದು ನಡೆಯುವವರ ಪುಸ್ತಕ. ಯೇಸು ದೋಣಿ ಹತ್ತಿದ್ದುಂಟು. ನೆಲದ ಮೇಲೆ ಸವಾರಿ ಮಾಡಿದ್ದಾಗಿ ಬರೆದಿರುವುದು ಒಂದೇ ಸಲ. ಅದೂ ಜೆರುಸಲೇಮ್ ಪಟ್ಟಣದೊಳಕ್ಕೆ, ಎರವಲು ತಂದ ಕತ್ತೆಯ ಮೇಲೆ. ಮಿಕ್ಕಿದ್ದೆಲ್ಲ ಕಾಲ್ನಡಿಗೆ. ಪುನರುತ್ಥಾನವಾದ ದಿನ ಸಾಯಂಕಾಲವೂ, ಸಾವನ್ನು ಗೆದ್ದು ಬಂದವನು ಮಾಡಿದ ಕೆಲಸವೇನೆಂದರೆ ಎಮ್ಮಾವು ಊರಿಗೆ ಹೊರಟಿದ್ದ ಇಬ್ಬರ ಜೊತೆ ಸುಮಾರು ಹನ್ನೊಂದು ಕಿಲೋಮೀಟರಿನ ದಾರಿಯಲ್ಲಿ ಹೆಜ್ಜೆ ಹಾಕಿದ್ದು. ಅವರಿಗೆ ಗುರುತೂ ಸಿಗಲಿಲ್ಲ. ಅಂತಿಯೋಕ್ಯದಲ್ಲಿ 'ಕ್ರೈಸ್ತರು' ಎಂಬ ಹೆಸರು ಬೀಳುವ ಮೊದಲು ಈ ಜನರನ್ನು ಕರೆಯುತ್ತಿದ್ದದ್ದು 'ಮಾರ್ಗ'ದವರು ಎಂದೇ. ಇಷ್ಟು ಹೇಳಿದ ಮೇಲೆ ಸ್ಥಾವರ, ಜಂಗಮ ಎಂದು ಶುರುಮಾಡಲು ನಾಲಿಗೆ ತುರಿಸುತ್ತದೆ. ಬೇಡ, ಕನ್ನಡದಲ್ಲಿ ಪ್ರಬಂಧ ಬರೆದವರೆಲ್ಲ ಅದನ್ನು ಹೇಳಿಬಿಟ್ಟಿದ್ದಾರೆ.

ನನಗೆ ಇವೆಲ್ಲಕ್ಕಿಂತ ಹತ್ತಿರದವನು ಅಥೆನ್ಸಿನಲ್ಲಿ ಅಲೆಯುವ ಪೌಲ. ಜೊತೆಯವರು ಇನ್ನೂ ಬಂದಿಲ್ಲ, ಅಪರಿಚಿತ ಊರು. ಊರು ಸುತ್ತಿದ. ಬೀದಿಗೊಂದು ವಿಗ್ರಹ ನೋಡಿ ಮೊದಲು ಮನಸ್ಸು ಕುದಿಯಿತು. ಆಮೇಲೆ ನಿಂತು ನಿಂತು ನೋಡಿದ. ಒಂದು ಬಲಿಪೀಠದ ಮೇಲೆ ಅಜ್ಞಾತ ದೇವರಿಗೆ ಎಂದು ಕೆತ್ತಿದ್ದು ಕಣ್ಣಿಗೆ ಬಿತ್ತು. ಮುಂದೆ ಆ ಊರ ಪಂಡಿತರ ಸಭೆಯಲ್ಲಿ ಮಾತು ಶುರುಮಾಡಿದ್ದು ಅಲ್ಲಿಂದಲೇ. ರಥದಲ್ಲಿ ಹೋಗಿದ್ದರೆ ಆ ಅಕ್ಷರ ಕಾಣುತ್ತಿರಲಿಲ್ಲ. ಅದೇ ಪೌಲನನ್ನು ಒಂದು ಮುಂಜಾನೆ ರಸೆಲ್ ಮಾರ್ಕೆಟ್ಟಿನ ಬಳಿ ಬಿಟ್ಟರೆ ಏನಾಗಬಹುದೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಅರಳಿಕಟ್ಟೆಯ ನಾಗರಕಲ್ಲು, ದರ್ಗಾದ ಹಸಿರು ಚಾದರ, ಆಟೋದ ಡ್ಯಾಶ್‌ಬೋರ್ಡಿನಲ್ಲಿ ಒಟ್ಟಿಗೆ ಕೂತ ಗಣೇಶ ಮತ್ತು ಬಾಲಯೇಸು. ಎಂ.ಜಿ. ರಸ್ತೆ ಮುಟ್ಟಲು ಅವನಿಗೆ ವರ್ಷ ಬೇಕಾದೀತು.

ಎಲ್ಲರಿಗೂ ಜೆರುಸಲೇಮಿಗೆ ಹೋಗಲಾಗದು ಎಂದು ನಮ್ಮವರು ಜೆರುಸಲೇಮಿನ ಬೀದಿಯನ್ನೇ ಗುಡಿಯೊಳಕ್ಕೆ ತಂದುಕೊಂಡರು. ಅದು ಶಿಲುಬೆ ಹಾದಿ. ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಹಬ್ಬಿಸಿದ ಆ ಪದ್ಧತಿಗೆ 14 ಸ್ಥಳಗಳು ಎಂಬ ಲೆಕ್ಕ ಗಟ್ಟಿಯಾದದ್ದು 1731ರಲ್ಲಿ, ಹನ್ನೆರಡನೇ ಕ್ಲೆಮೆಂಟ್ ಪೋಪರ ಕಾಲದಲ್ಲಿ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಗೋಡೆಯ ಚಿತ್ರದಿಂದ ಚಿತ್ರಕ್ಕೆ ನಾವು ಹೆಜ್ಜೆ ಹಾಕುತ್ತೇವೆ. ಅದರಲ್ಲಿ ಸ್ವಾಮಿ ಮೂರು ಸಲ ಬೀಳುತ್ತಾನೆ. ಚಿಕ್ಕಂದಿನಲ್ಲಿ ನನಗದು ಅತಿಯಾಯಿತು ಅನ್ನಿಸುತ್ತಿತ್ತು, ಒಂದು ಸಲ ಸಾಕಾಗಿತ್ತಲ್ಲ ಎಂದು.

ಊರಿನ ಬೀದಿಯನ್ನು ಬೀದಿಯಾಗಿಯೇ ಇಟ್ಟುಕೊಂಡು ನಡೆದವರೂ ಇದ್ದಾರೆ. ಹದಿನಾರನೇ ಶತಮಾನದ ರೋಮಿನಲ್ಲಿ ಫಿಲಿಪ್ ನೇರಿ ಎಂಬ ಸಂತ ಜನರನ್ನು ಗುಂಪು ಕಟ್ಟಿಕೊಂಡು ಊರಿನ ಏಳು ದೊಡ್ಡ ಗುಡಿಗಳನ್ನು ಸುತ್ತಿಸುತ್ತಿದ್ದರು. ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಹೊರಡುತ್ತಿದ್ದದ್ದು ತಪಸ್ಸುಕಾಲಕ್ಕೆ ಮುಂಚೆ ಊರೆಲ್ಲ ಕುಡಿದು ಕುಣಿಯುವ ಕಾರ್ನಿವಲ್ಲಿನ ದಿನಗಳಲ್ಲಿ. ಕುಣಿತದ ಸೆಳೆತಕ್ಕೆ ಅವರು ಒಡ್ಡಿದ ಸೆಳೆತ ಇದು. ಹಾಡು, ವಾದ್ಯ ಎಲ್ಲ ಇರುತ್ತಿತ್ತು. ನಡುದಾರಿಯಲ್ಲಿ ಒಂದು ತೋಟದಲ್ಲಿ ಕೂತು ರೊಟ್ಟಿ, ಮೊಟ್ಟೆ, ಗಿಣ್ಣು, ದ್ರಾಕ್ಷಾರಸ. ಊಟದ ಬುತ್ತಿ ಕಟ್ಟಿಕೊಂಡು ಹೋದ ಸಂತ ಎಂಬ ಕಾರಣಕ್ಕೇ ಅವರ ಮೇಲೆ ನನಗೆ ವಿಶೇಷ ಭಕ್ತಿ.

ಏಳು ಗುಡಿಗಳ ಆ ಸುತ್ತು ಪವಿತ್ರ ಗುರುವಾರದ ರಾತ್ರಿಯ ಪದ್ಧತಿಯಾಗಿ ನಮ್ಮ ಬೆಂಗಳೂರಿನಲ್ಲೂ ಉಳಿದಿದೆ. ಆ ಸಂಜೆಯ ಪೂಜೆ ಮುಗಿದ ಮೇಲೆ ಪೀಠದ ವಸ್ತ್ರವನ್ನೆಲ್ಲ ಕಳಚಿ, ಪರಮಪ್ರಸಾದವನ್ನು ಬೇರೆ ಕಡೆ ಹೂವಿನ ನಡುವೆ ಇಟ್ಟಿರುತ್ತಾರೆ. ಗಂಟೆ ಬಾರಿಸುವಂತಿಲ್ಲ. ಗೆತ್ಸೆಮನೆ ತೋಟದಲ್ಲಿ ಶಿಷ್ಯರು ನಿದ್ದೆಹೋದರಲ್ಲ, ನಾವಾದರೂ ಎಚ್ಚರವಾಗಿರೋಣ ಎಂದು ಜನ ಗುಡಿಯಿಂದ ಗುಡಿಗೆ ಹೋಗಿ ತುಸು ಹೊತ್ತು ಕೂತು ಬರುತ್ತಾರೆ. ಈಗ ಹೆಚ್ಚಿನವರು ಕಾರಿನಲ್ಲಿ. 'ಐದಾಯ್ತಾ? ಇನ್ನೆರಡು ಎಲ್ಲಿ ಪಾರ್ಕಿಂಗ್ ಸಿಗುತ್ತೆ?' ಎಂದು ಗೇಟಿನ ಹತ್ತಿರ ಕೇಳುವುದನ್ನು ಕಿವಿಯಾರೆ ಕೇಳಿದ್ದೇನೆ. ನಾನೂ ನನ್ನ ನಾದಿನಿಯೂ ಪಕ್ಕದ ಮನೆಯ ಇಬ್ಬರು ಹುಡುಗಿಯರೂ ಹೋಗುವುದು ನಡೆದೇ. ನಮ್ಮ ಸಭೆಯ ಗುಡಿ ಮೊದಲನೆಯದು. ಆಮೇಲೆ ಕೋಲ್ಸ್ ಪಾರ್ಕಿನ ಬಳಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಲ್ಲಿನ ಕೆಥೆಡ್ರಲ್ಲು, ಶಿವಾಜಿನಗರದ ಮರಿಯಮ್ಮ, ಬ್ರಿಗೇಡ್ ರಸ್ತೆಯ ಕೊನೆಗೆ ಜೋಡಿ ಗೋಪುರದ ಸಂತ ಪ್ಯಾಟ್ರಿಕ್, ರಿಚ್ಮಂಡ್ ರಸ್ತೆಯ ಪವಿತ್ರ ಹೃದಯ, ಒಂದು ಕಾನ್ವೆಂಟಿನ ಅಂಗೈಯಗಲದ ಪ್ರಾರ್ಥನಾಮಂದಿರ, ಕಡೆಗೆ ವಿವೇಕನಗರದ ಬಾಲಯೇಸು. ಹೇಗೂ ವರ್ಷವಿಡೀ ಗುರುವಾರ ಬಾಲಯೇಸುವಿನ ದಿನವೇ. ಆ ರಾತ್ರಿ ಕೇಳಬೇಡಿ.

ದಾರಿಯಲ್ಲಿ ನಾವು ಎಂ.ಜಿ. ರಸ್ತೆಯ ಕಿಟ್ಟೆಲ್ ಪ್ರತಿಮೆಯ ಕಡೆಗೆ ಸ್ವಲ್ಪ ಬಳಸಿ ಹೋಗುತ್ತೇವೆ. ಅದು ಏಳರ ಲೆಕ್ಕಕ್ಕಿಲ್ಲ, ನನ್ನ ಹಟ. ಬಾಸೆಲ್ ಮಿಶನ್ನಿನವರು, ನಮ್ಮ ಪಂಥದವರಲ್ಲ. ಅಜ್ಜಿಯ ಪ್ರಶ್ನೆ ಅವರಿಗೂ ಅನ್ವಯಿಸುತ್ತದೆ. 1894ರಲ್ಲಿ ಅಷ್ಟು ದೊಡ್ಡ ಕನ್ನಡ ನಿಘಂಟನ್ನು ಮುಗಿಸಿಕೊಟ್ಟ ಮನುಷ್ಯ 'ನಡೆ' ಎಂಬ ಪದದ ಹತ್ತಿರ ಎಷ್ಟು ಹೊತ್ತು ನಿಂತಿದ್ದರೋ! ನಮ್ಮ ಭಾಷೆಯಲ್ಲಿ ಕಾಲೂ ನಡೆಯುತ್ತದೆ, ಅಂಗಡಿಯೂ ನಡೆಯುತ್ತದೆ, ಮದುವೆಯೂ ನಡೆಯುತ್ತದೆ, ಕೊಟ್ಟ ಮಾತಿನಂತೆಯೂ ನಡೆಯಬೇಕಾಗುತ್ತದೆ.

ಆ ರಾತ್ರಿಯ ಇನ್ನೊಂದು ಸುಖ ಹೇಳಲೇಬೇಕು. ನಮ್ಮೂರಿನಲ್ಲಿ ಹೆಂಗಸೊಬ್ಬಳು ಸುಮ್ಮನೆ ನಡೆಯುವಂತಿಲ್ಲ, ಎಲ್ಲಿಗೋ ಹೋಗುತ್ತಿರಬೇಕು. ಕೈಯಲ್ಲಿ ತರಕಾರಿ ಚೀಲವಾದರೂ ಇರಬೇಕು. ಬೆಳಗಿನ ನನ್ನ ನಡಿಗೆಗೂ ಮಧುಮೇಹವೆಂಬ ರಹದಾರಿ ಇದೆ. ಪವಿತ್ರ ಗುರುವಾರ ಮಾತ್ರ ರಾತ್ರಿ ಹನ್ನೊಂದರಲ್ಲಿ ರಿಚ್ಮಂಡ್ ರಸ್ತೆಯ ನಡುಮಧ್ಯೆ ನಾಲ್ವರು ಹೆಂಗಸರು ಕೈಬೀಸಿಕೊಂಡು ಹೋಗುತ್ತಿದ್ದರೆ ಪೊಲೀಸಿನವರೂ 'ಗುಡಿಗಾ?' ಎಂದು ಕೇಳಿ ದಾರಿ ಬಿಡುತ್ತಾರೆ. ಪಕ್ಕದ ಮನೆ ಹುಡುಗಿಯರು ವರ್ಷಾ ವರ್ಷಾ ತಪ್ಪದೆ ಬರುವುದು ಎಷ್ಟು ಪಾಲು ಭಕ್ತಿಗೆ, ಎಷ್ಟು ಪಾಲು ಈ ಬೀದಿಗೆ ಎಂದು ನಾನು ಕೇಳಿಲ್ಲ. ನನ್ನದೇ ಲೆಕ್ಕ ನನಗೆ ಸರಿಯಾಗಿ ಗೊತ್ತಿಲ್ಲ.

ಈ ವರ್ಷ ಆ ನಡಿಗೆ ತಪ್ಪಿಯೇಹೋಗುವುದರಲ್ಲಿತ್ತು. ಬೂದಿ ಬುಧವಾರದ ಬೆಳಿಗ್ಗೆ ಗುರುಗಳು ಹಣೆಗೆ ಬೂದಿ ಹಚ್ಚಿ ನಾನು ಮಣ್ಣೆಂಬುದನ್ನು ನೆನಪಿಸಿದರು. ಸಾಯಂಕಾಲ ನಮ್ಮ ಫುಟ್‌ಪಾತು ಅದನ್ನು ಪ್ರಮಾಣಿಸಿ ತೋರಿಸಿತು. ಎರಡನೇ ಹತ್ತರ ನಾಲ್ಕನೇ ಮಣಿ. ದಿನಾ 'ಡಬ್' ಎನ್ನುತ್ತಿದ್ದ ಚಪ್ಪಡಿ ಅಂದು ಸದ್ದಿಲ್ಲದೆ ಬಾಯಿ ತೆರೆಯಿತು. ಬಲಗಾಲು ಒಳಗೆ, ನಾನು ಹೊರಗೆ. ಟೀ ಅಂಗಡಿಯಿಂದ ಪೌರಕಾರ್ಮಿಕ ಹೆಂಗಸರಿಬ್ಬರು ಓಡಿಬಂದು ಎತ್ತಿ ಕೂರಿಸಿದರು. ಒಬ್ಬಾಕೆ ತನ್ನ ಸೆರಗಿನಿಂದ ನನ್ನ ಪಾದದ ಕೊಚ್ಚೆ ಒರೆಸುತ್ತಾ, 'ಬೇಜಾರು ಮಾಡ್ಕೋಬೇಡ್ರಕ್ಕ, ಇದ್ರಲ್ಲಿ ನಾವೂ ಬಿದ್ದಿದೀವಿ' ಎಂದಳು. ಇನ್ನೊಬ್ಬಾಕೆ ಮೋರಿಯ ಬಾಯಿಗೆ ಕೈಹಾಕಿ ನನ್ನ ಜಪಸರವನ್ನು ತೆಗೆದು, ನಲ್ಲಿ ನೀರಿನಲ್ಲಿ ಅಲುಬಿ ಕೊಟ್ಟಳು. ಮೂಳೆ ಮುರಿದಿರಲಿಲ್ಲ. ಹದಿನೈದು ದಿನ ಮಂಚ.

ನಾದಿನಿ ಗುಡಿಯ ಮುಂದಿನ ಅಂಗಡಿಯಿಂದ ಒಂದು ಮೇಣದ ಕಾಲು ತಂದಳು, ಹರಕೆಗೆ. ಕೈ, ಕಣ್ಣು, ಹೃದಯ, ಮಗು, ಮನೆ ಎಲ್ಲವೂ ಮೇಣದಲ್ಲಿ ಸಿಗುತ್ತವೆ. 'ಬಲಗಾಲೇ ಕೊಡಿ ಅಂತ ಕೇಳಿ ತಂದೆ ಕಣೇ' ಎಂದಳು. ತಿರುಗಿಸಿ ತಿರುಗಿಸಿ ನೋಡಿದೆ. ಅದು ಎಡವೋ ಬಲವೋ ಹೇಳುವುದು ಸಾಧ್ಯವಿರಲಿಲ್ಲ. ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ, ಅಂಗಾಲಲ್ಲಿ ಒಂದು ಗೆರೆಯಿಲ್ಲ. ಒಂದು ಹೆಜ್ಜೆ ನಡೆದ ಕಾಲಲ್ಲ ಅದು.

ಮತ್ತೆ ಬೀದಿಗಿಳಿದ ದಿನ ಕುಂಟುತ್ತಾ ಇಸ್ತ್ರಿ ಗಾಡಿಯವರೆಗೆ ಬಂದೆ. ಆಸ್ಪತ್ರೆಯಿಂದ ಬಂದು ಎಷ್ಟೋ ತಿಂಗಳಾಗಿದ್ದ ಅವರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, 'ಎಲ್ಲಿ ಹೋಗಿದ್ರಮ್ಮ ಇಷ್ಟು ದಿನ?' ಎಂದರು. ನಾವು ಮಾತಾಡಿದ್ದು ಅದೇ ಮೊದಲು. ಕಾಲು ತೋರಿಸಿದೆ. 'ನೀವು ಈ ಕಡೆ ಹೋದ್ಮೇಲೇನೇ ನಾನು ಕೆಂಡ ಹಾಕೋದು. ನೀವು ಬರ್ಲಿಲ್ಲ, ನಂಗೆ ದಿನಾ ಲೇಟು' ಎಂದು ಗದರಿದಂತೆ ಹೇಳಿ ಮತ್ತೆ ಪೆಟ್ಟಿಗೆ ಎತ್ತಿಕೊಂಡರು.

ಪವಿತ್ರ ವಾರದ ಆರಂಭದಲ್ಲಿ ಫಾದರ್ ಫೋನು ಮಾಡಿದರು. ಗುರುವಾರ ಕಾಲು ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನಾನೂ ಕೂರಬೇಕಂತೆ. ಶಿಷ್ಯರ ಕಾಲನ್ನು ಸ್ವಾಮಿ ತೊಳೆದ ನೆನಪಿಗೆ ಮಾಡುವ ಈ ವಿಧಿಯಲ್ಲಿ ಮೊದಲೆಲ್ಲ ಗಂಡಸರೇ ಕೂರಬೇಕಿತ್ತು. 2016ರ ಜನವರಿಯಲ್ಲಿ ಫ್ರಾನ್ಸಿಸ್ ಪೋಪರ ಇಚ್ಛೆಯಂತೆ ನಿಯಮ ಬದಲಾಗಿ ಹೆಂಗಸರೂ ಕೂರಬಹುದಾಯಿತು. ಅಜ್ಜಿ ಇದ್ದಿದ್ದರೆ ನನ್ನ ಕಾಲನ್ನು ತಾನೇ ಮೊದಲು ತೊಳೆದು ಕಳಿಸುವವಳು.

ಅದೇ ನಡೆಯುವುದೂ ಹೌದು. ಕಾಲು ತೊಳೆಸಿಕೊಳ್ಳಲು ಬರುವವರೆಲ್ಲ ಕಾಲು ತೊಳೆದುಕೊಂಡೇ ಬರುತ್ತಾರೆ. ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ, ಕೆಲವರು ಪೌಡರನ್ನೂ ಹಾಕಿಕೊಂಡು, ಗುಡಿಯ ಬಾಗಿಲವರೆಗೆ ಕಾರಿನಲ್ಲಿ ಬಂದು, ಸಾಲಾಗಿ ಕೂರುತ್ತಾರೆ. ಗುರುಗಳು ಹೂಜಿಯಿಂದ ಎರಡು ಹನಿ ನೀರು ಹಾಕಿ ಒತ್ತಿ ಮುಂದೆ ಹೋಗುತ್ತಾರೆ. ತಟ್ಟೆಯ ನೀರು ಕುಡಿಯುವಷ್ಟು ತಿಳಿಯಾಗಿರುತ್ತದೆ. ನಾನೂ ತೊಳೆದುಕೊಂಡೇ ಹೊರಟಿದ್ದೆ, ಸುಳ್ಳೇಕೆ? ಆದರೆ ಆಟೋ ಹತ್ತಲು ಮನಸ್ಸಾಗಲಿಲ್ಲ. ಅರ್ಧ ಜಪಸರದ ದಾರಿ. ಮಧ್ಯಾಹ್ನ ಬಿದ್ದ ಬೇಸಿಗೆ ಮಳೆಗೆ ಅಗೆದ ರಸ್ತೆಯೆಲ್ಲ ಕೆಂಪು ರಾಡಿ.

ಒಂಬತ್ತನೆಯ ಕುರ್ಚಿ ನನ್ನದು. ಕುರ್ಚಿಯ ಕೆಳಗೆ ಚಪ್ಪಲಿ ಬಿಟ್ಟಾಗ ನೋಡಿದೆ. ಬೆರಳುಗಳ ಸಂದಿಯಲ್ಲಿ ಮಣ್ಣು, ಊದಿಕೊಂಡೇ ಇದ್ದ ಬಲಗಾಲಿನ ಗಂಟಿನವರೆಗೂ ಕೆಸರಿನ ಚುಕ್ಕೆ. ಎಂಟನೆಯವರದು ಗುಲಾಬಿ ಬಣ್ಣದ ಉಗುರು. ಎಡಗಾಲು ಮುಂದಿಡೋಣವೆಂದರೆ ಅದರ ಗತಿಯೂ ಅಷ್ಟೆ. ಸೀರೆಯ ನೆರಿಗೆ ಎಳೆದುಕೊಳ್ಳುವಷ್ಟರಲ್ಲಿ ಫಾದರ್ ಬಂದು ಮಂಡಿಯೂರಿದರು. ಬಲಗಾಲನ್ನೇ ಕೈಗೆ ತೆಗೆದುಕೊಂಡರು. ಎರಡು ಹನಿ ಸಾಲಲಿಲ್ಲ. ಹೂಜಿ ಹಿಡಿದ ಹುಡುಗನಿಗೆ 'ಇನ್ನೂ ಹಾಕಪ್ಪ' ಎಂದರು. ತಟ್ಟೆಯ ನೀರು ಕಾಫಿಯ ಬಣ್ಣಕ್ಕೆ ತಿರುಗಿತು. ಅವರು ಬೆರಳ ಸಂದಿಗಳನ್ನು ಒಂದೊಂದಾಗಿ ತಿಕ್ಕಿದರು. ಗಂಟಿನ ಬಾವು ಕಂಡು ಅಲ್ಲಿ ಮಾತ್ರ ಕೈ ಹಗುರ ಮಾಡಿದರು.

'ನಡ್ಕೊಂಡು ಬಂದ್ರಾ?' ಎಂದರು ತಲೆ ಎತ್ತದೆ.

'ಹೂಂ ಫಾದರ್.'

ಬಿಳಿ ಟವಲು ಕೆಂಪಾಯಿತು. ಹುಡುಗ ಬೇರೆ ಟವಲು ತರಲು ಒಳಗೆ ಓಡಿದ. ಹತ್ತನೆಯವರು ತಮ್ಮ ಪಾದವನ್ನು ಮೆಲ್ಲಗೆ ಕುರ್ಚಿಯಡಿಗೆ ಎಳೆದುಕೊಂಡರು.

ಪೂಜೆ ಮುಗಿದು ಆಚೆ ಬಂದಾಗ ಎಂಟೂವರೆ. ನಾದಿನಿಯೂ ಹುಡುಗಿಯರೂ ಗೇಟಿನ ಹತ್ತಿರ ಕಾಯುತ್ತಿದ್ದರು. ಮಳೆ ಮತ್ತೆ ಸಣ್ಣಗೆ ಹಿಡಿದಿತ್ತು. ಚಪ್ಪಲಿ ಮೆಟ್ಟಿಕೊಂಡೆ. ಇನ್ನೂ ಆರು ಗುಡಿ ಬಾಕಿ ಇತ್ತು.